ಬೈಕಂಪಾಡಿಯ ಈ ಶೆಡ್ಡಿನಿಂದ ಆ ಶೆಡ್ಡಿಗೆ: ಡೆಲಿವರಿ ಕಂಪನಿ ಬದಲಿಸುವ ಮ್ಯಾನೇಜರ್‌ಗಳಿಗೆ

ಮಂಗಳೂರು, ಉಡುಪಿ ಕಡೆ ಕೊರಿಯರ್ ಲೈನಿನಲ್ಲಿ ಹಬ್ (ಪಾರ್ಸೆಲ್ ವಿಂಗಡಿಸಿ ಹಂಚುವ ಶೆಡ್ಡು) ಇನ್‌ಚಾರ್ಜೋ ಏರಿಯಾ ಮ್ಯಾನೇಜರೋ ಆಗಿರುವವರಿಗೆ ಎದುರಾಳಿ ಕಂಪನಿಯಿಂದ ಫೋನ್ ಬರುವುದು ದೊಡ್ಡ ಸುದ್ದಿಯೇನಲ್ಲ. ಪಾರ್ಸೆಲ್ ಕೆಲಸ ಗೊತ್ತಿದ್ದು, ಸುಳ್ಯದ ಒಳದಾರಿಯೂ ಮಣಿಪಾಲದ ಹಾಸ್ಟೆಲ್ ಗೇಟೂ ಗೊತ್ತಿರುವ ಜನ ಇಲ್ಲಿ ಎಷ್ಟು ಮಂದಿ ಇದ್ದಾರೆ ಹೇಳಿ? ಹಾಗಾಗಿ ಕಂಪನಿಗಳು ಒಬ್ಬರ ಜನರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಲೇ ಇರುತ್ತಾರೆ.

ಫೋನ್ ಬಂದವರು ಮೊದಲು ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ. "ಅಣ್ಣ, ಕಾಂಪಿಟಿಟರ್ ಹತ್ರ ಸೇರಬಾರದು ಅಂತ ಲೆಟರಲ್ಲಿ ಉಂಟು. ಕೇಸ್ ಹಾಕ್ತಾರಾ?"

ಜನ ಹೆದರುವುದು ತಪ್ಪು ಜಾಗದಲ್ಲಿ ಅಂತ ನನಗನಿಸುತ್ತದೆ. ಆ ಒಂದು ಸಾಲಿನಿಂದ ಆಗುವ ತೊಂದರೆ ಕಡಿಮೆ. ಮೊಬೈಲಿನಲ್ಲಿ ಉಳಿದುಹೋದ ಎಕ್ಸೆಲ್ ಶೀಟು, ಸಹಿ ತೆಗೆದುಕೊಳ್ಳದೆ ಬಿಟ್ಟುಬಂದ ಕ್ಯಾಶ್ ಲೆಕ್ಕ, ಇವು ಕೊಡುವ ತೊಂದರೆ ಜಾಸ್ತಿ.

ಮೊದಲು ಹಳೆಯ ಪೇಪರ್ ತೆಗೆದು ಓದಿ

ಆಫರ್ ಲೆಟರ್, ಅಪಾಯಿಂಟ್‌ಮೆಂಟ್ ಲೆಟರ್, ಪ್ರಮೋಶನ್ ಆದಾಗ ಕೊಟ್ಟ ಲೆಟರ್, ಆಮೇಲೆ ಆ್ಯಪ್‌ನಲ್ಲಿ "ಒಪ್ಪಿದೆ" ಅಂತ ಒತ್ತಿದ ಪಾಲಿಸಿಗಳು, ಎಲ್ಲವನ್ನೂ ಒಟ್ಟು ಮಾಡಿ. ಸೇರುವಾಗ ಡೆಲಿವರಿ ಅಸೋಸಿಯೇಟ್ ಆಗಿದ್ದು, ಆಮೇಲೆ ಮ್ಯಾನೇಜರ್ ಆದವರು ಪ್ರಮೋಶನ್ ಲೆಟರನ್ನು ಸರಿಯಾಗಿ ಓದಬೇಕು. ನೋಟಿಸ್ ಅವಧಿ 30 ದಿನದಿಂದ 60ಕ್ಕೋ 90ಕ್ಕೋ ಏರಿರುವುದು ಸಾಮಾನ್ಯವಾಗಿ ಅಲ್ಲೇ.

ಹುಡುಕಬೇಕಾದ್ದು ನಾಲ್ಕು ವಿಷಯ. ಎದುರಾಳಿ ಕಂಪನಿಗೆ ಸೇರಬಾರದೆಂಬ ಷರತ್ತು. ಗಿರಾಕಿಗಳನ್ನೋ ಸಿಬ್ಬಂದಿಯನ್ನೋ ಕರೆದುಕೊಂಡು ಹೋಗಬಾರದೆಂಬ ಷರತ್ತು. ಮಾಹಿತಿ ಗುಟ್ಟಾಗಿಡಬೇಕೆಂಬ ಷರತ್ತು. ಇಂತಿಷ್ಟು ವರ್ಷಕ್ಕೆ ಮೊದಲು ಬಿಟ್ಟರೆ ಇಷ್ಟು ದುಡ್ಡು ಕಟ್ಟಬೇಕೆಂಬ ಬಾಂಡ್. ನಾಲ್ಕೂ ಒಂದೇ ಪುಟದಲ್ಲಿ ಇರಬಹುದು, ಆದರೆ ಕಾನೂನಿನಲ್ಲಿ ನಾಲ್ಕಕ್ಕೂ ಒಂದೇ ತೂಕ ಇಲ್ಲ.

ಮೊದಲನೆಯದು ಎಲ್ಲಕ್ಕಿಂತ ದುರ್ಬಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬ ತನ್ನ ಉದ್ಯೋಗವನ್ನೋ ವ್ಯಾಪಾರವನ್ನೋ ಮಾಡದಂತೆ ತಡೆಯುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ. ವ್ಯಾಪಾರವನ್ನೇ ಅದರ ಹೆಸರಿನ ಸಮೇತ ಮಾರಿದವರಿಗೆ ಮಾತ್ರ ವಿನಾಯಿತಿ ಉಂಟು. ಸಂಬಳಕ್ಕೆ ದುಡಿದವರಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ "ಕೆಲಸ ಬಿಟ್ಟ ಮೇಲೆ ಒಂದು ವರ್ಷ ದಕ್ಷಿಣ ಕನ್ನಡದಲ್ಲಿ ಬೇರೆ ಕೊರಿಯರ್ ಕಂಪನಿ ಸೇರಬಾರದು" ಎಂಬ ಸಾಲನ್ನು ಇಟ್ಟುಕೊಂಡು ನಿಮ್ಮನ್ನು ಮನೆಯಲ್ಲಿ ಕೂರಿಸಲು ಆಗುವುದಿಲ್ಲ. ಆದರೆ ಗಮನಿಸಿ, "ಬಿಟ್ಟ ಮೇಲೆ". ಕೆಲಸದಲ್ಲಿರುವಾಗ ಎದುರಾಳಿಗೆ ದುಡಿಯಬಾರದು ಎಂಬ ಷರತ್ತು ಪೂರ್ತಿ ನಡೆಯುತ್ತದೆ. ಸುಪ್ರೀಂ ಕೋರ್ಟ್ ಇದನ್ನು 1967ರಲ್ಲೇ ಹೇಳಿದೆ. ನೋಟಿಸ್ ಅವಧಿಯೂ ಕೆಲಸದಲ್ಲಿರುವ ಅವಧಿಯೇ.

ಬಾಂಡಿನ ಕಥೆ ಬೇರೆ. 1931ರಲ್ಲಿ ನಮ್ಮ ಮಂಗಳೂರಿನಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಒಬ್ಬ ಸೀನಿಯರ್ ಮ್ಯಾನೇಜರ್ ಮೂರು ವರ್ಷ ತುಂಬುವ ಮೊದಲು, 2009ರಲ್ಲಿ, ಕೆಲಸ ಬಿಟ್ಟು ಇನ್ನೊಂದು ಬ್ಯಾಂಕ್ ಸೇರಿದರು. ಬಾಂಡಿನಂತೆ ಬ್ಯಾಂಕಿನವರು 2 ಲಕ್ಷ ರೂಪಾಯಿ ಕಟ್ಟಿಸಿಕೊಂಡರು. ಮ್ಯಾನೇಜರ್ ಕೋರ್ಟಿಗೆ ಹೋದರು, ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬಾಂಡ್ ಸರಿ ಎಂದಿತು. ಬೇರೆ ಕಡೆ ಸೇರುವುದನ್ನು ಇದು ತಡೆಯುವುದಿಲ್ಲ, ಬೇಗ ಬಿಟ್ಟದ್ದಕ್ಕೆ ನಷ್ಟ ತುಂಬಿಸಿಕೊಳ್ಳುತ್ತದೆ ಅಷ್ಟೇ, ಎಂಬುದು ಅದರ ಸಾರ. ಅದು ಸರ್ಕಾರಿ ಬ್ಯಾಂಕಿನ ನೇಮಕಾತಿ ಖರ್ಚನ್ನು ನೋಡಿ ಕೊಟ್ಟ ತೀರ್ಪು. ಹಾಗಂತ ಪಾರ್ಸೆಲ್ ಕಂಪನಿಯವರು ಎರಡು ದಿನದ ಟ್ರೇನಿಂಗ್ ಕೊಟ್ಟು 5 ಲಕ್ಷ ಕೇಳಿದರೆ ಸುಮ್ನೆ ಕೊಡಬೇಕು ಅಂತ ಅರ್ಥವಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕೋರ್ಟ್ ಕೊಡಿಸುವುದು ನ್ಯಾಯವಾದ ಮೊತ್ತವನ್ನು ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ. ಬಾಂಡ್ ಇದ್ದವರು ಆ ಮೊತ್ತವನ್ನು ಹೊಸ ಕಂಪನಿಯ ಹತ್ತಿರ ಈಗಲೇ ಮಾತಾಡಿ. ಸೇರಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಖಾಲಿ ಚೆಕ್ಕು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದರೆ ಅದನ್ನೂ ಒಂದು ಕಡೆ ಬರೆದಿಡಿ. ವಾಪಸ್ ಕೇಳಬೇಕಾದ ಪಟ್ಟಿಗೆ ಅದೇ ಮೊದಲ ಸಾಲು.

ಹೊಸ ಆಫರನ್ನು ಹಿಂಡಿ ನೋಡಿ

ಫೋನಿನಲ್ಲಿ ಹೇಳಿದ ಸಂಬಳ ಸಂಬಳವಲ್ಲ. ಲೆಟರ್ ಕೈಗೆ ಬರಬೇಕು, ಅದರಲ್ಲಿ ನಿಮ್ಮ ಹುದ್ದೆ, ಊರು, ಸೇರುವ ದಿನ ಇರಬೇಕು. ಅಲ್ಲಿಯವರೆಗೆ ಪಕ್ಕದ ಮೇಜಿನವರಿಗೂ ಹೇಳಬೇಡಿ.

ನಮ್ಮ ಕಡೆಗೆಂದೇ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ನೀವು ಕಂಪನಿಯ ರೋಲ್ ಮೇಲೆಯೋ, ವೆಂಡರ್ ಅಥವಾ ಫ್ರಾಂಚೈಸಿಯ ರೋಲ್ ಮೇಲೆಯೋ? ಮೇಲೆ ದೊಡ್ಡ ಹೆಸರಿದ್ದು, ಪೇಸ್ಲಿಪ್ ಮಾತ್ರ ಬೇರೆ ಯಾರದೋ ಹೆಸರಲ್ಲಿ ಬರುವುದು ಈ ಲೈನಿನಲ್ಲಿ ಮಾಮೂಲು. "ಉಡುಪಿ ಏರಿಯಾ" ಅಂದರೆ ಎಲ್ಲಿಂದ ಎಲ್ಲಿಗೆ? ಪಡುಬಿದ್ರಿಯಿಂದ ಬ್ರಹ್ಮಾವರದ ತನಕವೋ, ಬೈಂದೂರು, ಕಾರ್ಕಳ, ಹೆಬ್ರಿಯೂ ಸೇರಿ? ಪೆಟ್ರೋಲ್ ಖರ್ಚು ಕಿಲೋಮೀಟರ್ ಲೆಕ್ಕವೋ, ತಿಂಗಳಿಗೆ ಇಷ್ಟು ಅಂತಲೋ? ಎರಡನೆಯದಾದರೆ ಹೆಬ್ರಿ ರೂಟ್ ನಿಮ್ಮ ಕಿಸೆಯಿಂದ ಓಡುತ್ತದೆ.

ಮಳೆಗಾಲದ ಪ್ರಶ್ನೆಯನ್ನು ಮರೆಯಲೇಬೇಡಿ. ಬೆಂಗಳೂರಿನ ಲೈನ್‌ಹಾಲ್ ಗಾಡಿ, ಅಂದರೆ ಹಬ್‌ಗೆ ಪಾರ್ಸೆಲ್ ತರುವ ಲಾರಿ, ಬರುವುದು ಶಿರಾಡಿ ಘಾಟಿಯಲ್ಲಿ. ಗುಡ್ಡ ಜರಿದು ಘಾಟಿ ಬಂದ್ ಆದರೆ ಚಾರ್ಮಾಡಿಯಲ್ಲಿ ದೊಡ್ಡ ಲಾರಿಗಳು ಬರುವುದು ಕಷ್ಟ, ಅಲ್ಲಿಯೂ ನಿರ್ಬಂಧ ಇರುತ್ತದೆ. ಬೆಳಿಗ್ಗೆ ಐದಕ್ಕೆ ಬರಬೇಕಾದ ಗಾಡಿ ಮಧ್ಯಾಹ್ನ ಬಂದ ದಿನದ ಡೆಲಿವರಿ ಪರ್ಸೆಂಟೇಜ್ ಯಾರ ಖಾತೆಗೆ? ಇನ್ಸೆಂಟಿವ್ ಸಂಬಳದ ದೊಡ್ಡ ಭಾಗವಾಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮ್ಮ ಆದಾಯ ಆ ಘಾಟಿಯ ಕೈಯಲ್ಲಿರುತ್ತದೆ. ಬೆಂಗಳೂರಿನಲ್ಲೋ ಗುರುಗ್ರಾಮದಲ್ಲೋ ಕೂತ ಎಚ್‌ಆರ್‌ಗೆ ಈ ಪ್ರಶ್ನೆ ಅರ್ಥವಾಗದಿದ್ದರೆ, ರೀಜನಲ್ ಮ್ಯಾನೇಜರ್ ಹತ್ತಿರವೇ ಮಾತಾಡಬೇಕು ಅಂತ ಕೇಳಿ.

ಇಂಟರ್‌ವ್ಯೂನಲ್ಲಿ ಅವರೂ ನಿಮ್ಮನ್ನು ಕೆದಕುತ್ತಾರೆ. "ದಿನಕ್ಕೆ ಎಷ್ಟು ಲೋಡ್? ಆ ಸೀರೆ ಅಂಗಡಿಗೆ ಪಾರ್ಸೆಲ್‌ಗೆ ಎಷ್ಟು ರೇಟ್ ಹಾಕ್ತೀರಿ?" ನಿಮ್ಮ ಅನುಭವ ಹೇಳಿ, ಎಷ್ಟು ಜನರ ತಂಡ ನಡೆಸಿದ್ದೀರಿ ಅಂತ ಹೇಳಿ. ರೇಟು, ಗಿರಾಕಿ ಹೆಸರು, ಒಪ್ಪಂದದ ಷರತ್ತು ಹೇಳಬೇಡಿ. "ಸಾರಿ ಸರ್, ಅದು ಹೇಳಲಿಕ್ಕೆ ಆಗುದಿಲ್ಲ" ಅಂದರೆ ಕೆಲಸ ಹೋಗುವುದಿಲ್ಲ. ಅದಕ್ಕೇ ಹೋಗುವ ಕೆಲಸವಾದರೆ ಅವರಿಗೆ ಬೇಕಾಗಿದ್ದು ನೀವಲ್ಲ, ನಿಮ್ಮ ಪಟ್ಟಿ.

ಮೊಬೈಲ್

ಹಬ್ ನಡೆಸುವವರ ಫೋನಿನಲ್ಲಿ ಅರ್ಧ ಕಂಪನಿಯೇ ಇರುತ್ತದೆ. ರನ್‌ಶೀಟ್ (ದಿನದ ಡೆಲಿವರಿ ಪಟ್ಟಿ) ಫೋಟೋ, ಗಿರಾಕಿಗಳ ನಂಬರ್, ರೈಡರ್‌ಗಳ ಆಧಾರ್ ಪ್ರತಿ, ಸೆಲ್ಲರ್‌ಗಳ ರೇಟ್ ಕಾರ್ಡ್, ಸಿಸಿಟಿವಿ ಆ್ಯಪ್, ಹತ್ತಾರು ವಾಟ್ಸಾಪ್ ಗ್ರೂಪ್. ಕೆಲಸದಲ್ಲಿರುವಾಗ ಇದು ಯಾರಿಗೂ ತೊಂದರೆ ಅಲ್ಲ. ಎದುರಾಳಿಗೆ ಹೋದ ಮರುದಿನದಿಂದ ಇದೇ ಸಾಕ್ಷಿ.

ಹೆಚ್ಚಿನವರು ಮಾಡುವ ಕೆಲಸ ಏನೆಂದರೆ, ಬಿಡುವ ಒಂದು ವಾರ ಮೊದಲು "ಬೇಕಾದೀತು" ಅಂತ ರಿಪೋರ್ಟ್‌ಗಳನ್ನು ತಮ್ಮ ಜಿಮೇಲ್‌ಗೆ ಕಳಿಸಿಕೊಳ್ಳುವುದು. ಕಂಪನಿ ಮೊದಲು ನೋಡುವುದೇ ಅದನ್ನು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಫೈಲ್ ಡೌನ್‌ಲೋಡ್ ಆಯಿತು ಅಂತ ಸರ್ವರ್‌ನಲ್ಲಿ ಇರುತ್ತದೆ. ಅನುಮತಿ ಇಲ್ಲದೆ ಡೇಟಾ ನಕಲು ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ಗೆ ಬರುತ್ತದೆ. ಅಪ್ರಾಮಾಣಿಕ ಉದ್ದೇಶ ಇತ್ತೆಂದಾದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಅಂದರೆ ಎದುರಾಳಿಗೆ ಸೇರಬಾರದೆಂಬ ಷರತ್ತಿನ ಬಗ್ಗೆ ಕೋರ್ಟಿನಲ್ಲಿ ಗೆಲ್ಲಲಾಗದ ಕಂಪನಿ ಇದನ್ನು ಹಿಡಿದು ಪೊಲೀಸ್ ಸ್ಟೇಷನ್‌ಗೆ ಹೋಗಬಹುದು. ಗಿರಾಕಿಗಳ ಹೆಸರು, ನಂಬರ್, ವಿಳಾಸ ಅವರ ಖಾಸಗಿ ಮಾಹಿತಿ ಕೂಡ ಹೌದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವುದೇ ಅದಕ್ಕೆ.

ಹಾಗಂತ ರಾಜೀನಾಮೆಗೆ ಮೊದಲೇ ರಾತ್ರೋರಾತ್ರಿ ಎಲ್ಲ ಡಿಲೀಟ್ ಮಾಡಲೂ ಬೇಡಿ. ಕಂಪನಿಯ ಫೈಲ್ ಅಳಿಸುವುದೂ ಅದೇ ಸೆಕ್ಷನ್‌ನಲ್ಲಿ ಬರುತ್ತದೆ. ಕ್ರಮ ಹೀಗಿರಲಿ. ಕಂಪನಿಗೆ ಬೇಕಾದ್ದನ್ನು ಕಂಪನಿ ಮೇಲ್‌ನಿಂದಲೇ ಹ್ಯಾಂಡೋವರ್ ತೆಗೆದುಕೊಳ್ಳುವವರಿಗೆ ಕಳಿಸಿ. ಆಮೇಲೆ "ನನ್ನ ಸ್ವಂತ ಫೋನಿನಲ್ಲಿರುವ ಕಂಪನಿ ಮಾಹಿತಿಯನ್ನು ಅಳಿಸುತ್ತಿದ್ದೇನೆ, ಆಕ್ಷೇಪ ಇದ್ದರೆ ತಿಳಿಸಿ" ಅಂತ ಒಂದು ಮೇಲ್ ಹಾಕಿ. ಎರಡು ದಿನ ಬಿಟ್ಟು ಅಳಿಸಿ. ಗ್ರೂಪ್‌ಗಳ ಅಡ್ಮಿನ್ ಬದಲಿಸಿ ಹೊರಗೆ ಬನ್ನಿ. ನೀವು ಇಟ್ಟುಕೊಳ್ಳಬಹುದಾದ್ದು ನಿಮ್ಮದೇ ಪೇಪರ್‌ಗಳು: ಪೇಸ್ಲಿಪ್, ಅಪ್ರೈಸಲ್ ಲೆಟರ್, ಇನ್ಸೆಂಟಿವ್ ಮೇಲ್, ಟಿಡಿಎಸ್ ಸರ್ಟಿಫಿಕೇಟ್. ಇವನ್ನು ಲಾಗಿನ್ ಇರುವಾಗಲೇ ತೆಗೆದಿಟ್ಟುಕೊಳ್ಳಿ. ರಾಜೀನಾಮೆ ಕೊಟ್ಟ ಗಂಟೆಯಲ್ಲೇ ಲಾಗಿನ್ ಮುಚ್ಚುವವರಿದ್ದಾರೆ.

ರಾಜೀನಾಮೆ: ದಿನ ನೋಡಿ, ಕಡಿಮೆ ಬರೆಯಿರಿ

ದಿನ ನೋಡಿ ಅಂದರೆ ಪಂಚಾಂಗ ನೋಡಲು ಹೇಳುತ್ತಿಲ್ಲ. ಇನ್ಸೆಂಟಿವ್ ಯಾವಾಗ ಕೈಗೆ ಬರುತ್ತದೆ ನೋಡಿ. "ಪಾವತಿಯ ದಿನ ಕೆಲಸದಲ್ಲಿ ಇರಬೇಕು, ನೋಟಿಸ್‌ನಲ್ಲಿ ಇರಬಾರದು" ಅಂತ ಪಾಲಿಸಿಯಲ್ಲಿ ಇದ್ದರೆ ಬ್ಯಾಂಕಿಗೆ ಬಿದ್ದ ಮರುದಿನ ಕೊಡಿ. ಐದು ವರ್ಷ ತುಂಬಲು ಒಂದೆರಡು ತಿಂಗಳು ಬಾಕಿ ಇದ್ದರೆ ಗ್ರಾಚ್ಯುಟಿಗಾಗಿ ಹೊಸ ಕಂಪನಿಯ ಸೇರುವ ದಿನವನ್ನೇ ಮುಂದೆ ಹಾಕಿಸಿ. ಸಾಧ್ಯವಾದರೆ ದಸರಾ–ದೀಪಾವಳಿ ಸೇಲಿನ ಮಧ್ಯೆ ಕೈಬಿಟ್ಟು ಹೋಗಬೇಡಿ. ಆಗ ಯಾರೂ ನಿಮ್ಮನ್ನು ಬೇಗ ಬಿಡುವುದೂ ಇಲ್ಲ, ಆ ಸಿಟ್ಟನ್ನು ಮರೆಯುವುದೂ ಇಲ್ಲ.

ಪತ್ರದಲ್ಲಿ ಬೇಕಾದ್ದು ಮೂರೇ ಸಾಲು. "ನನ್ನ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ. ನೇಮಕಾತಿ ಪತ್ರದ ಪ್ರಕಾರ 60 ದಿನಗಳ ನೋಟಿಸ್ ಇಂದಿನಿಂದ ಶುರು, ಕೊನೆಯ ದಿನ ಇಂಥ ತಾರೀಕು. ಹ್ಯಾಂಡೋವರ್ ಯಾರಿಗೆ ಕೊಡಬೇಕೆಂದು ದಯವಿಟ್ಟು ತಿಳಿಸಿ." ಕಾರಣ ಬರೆಯುವ ಅಗತ್ಯ ಇಲ್ಲ. ಬಾಸ್ ಮೇಲಿನ ಕೋಪವನ್ನಂತೂ ಬರೆಯಲೇಬೇಡಿ. ಕಂಪನಿ ಮೇಲ್‌ನಿಂದ ಕಳಿಸಿ, ನಿಮ್ಮ ಸ್ವಂತ ಮೇಲ್‌ಗೆ ಒಂದು ಪ್ರತಿ ಹಾಕಿ. ವಾಟ್ಸಾಪ್ ರಾಜೀನಾಮೆ ಲೆಕ್ಕಕ್ಕಿಲ್ಲ ಅಂತ ಭಾವಿಸಿಕೊಳ್ಳಿ.

"ಎಲ್ಲಿಗೆ ಹೋಗ್ತಾ ಇದ್ದೀರಿ?" ಅಂತ ಕೇಳುತ್ತಾರೆ. ಸುಳ್ಳು ಹೇಳಬೇಡಿ. ಊರಿಗೆ ಹೋಗಿ ಅಡಿಕೆ ತೋಟ ನೋಡಿಕೊಳ್ಳುತ್ತೇನೆ ಅಂದವರನ್ನು ಎರಡು ವಾರದಲ್ಲಿ ಕೂಳೂರು ಸೇತುವೆ ಮೇಲೆ ಹೊಸ ಕಂಪನಿಯ ಟೀಶರ್ಟಿನಲ್ಲಿ ನೋಡಿದರೆ ಹೇಗಿರುತ್ತದೆ? ಇದೇ ಲೈನಿನಲ್ಲಿ ಇನ್ನೊಂದು ಕಂಪನಿ ಅಂತ ಹೇಳಿ, ಹೆಸರು ಸೇರಿದ ಮೇಲೆ ತಿಳಿಸುತ್ತೇನೆ ಅಂದರೆ ಸಾಕು.

ಹೊಸಬರು "ನಾಳೆಯೇ ಬನ್ನಿ" ಅಂದರೆ ನೋಟಿಸಿನ ಬದಲು ದುಡ್ಡು ಕಟ್ಟುವ ದಾರಿ ಇದೆಯೇ ನೋಡಿ. ಬೇಸಿಕ್ ಮೇಲೋ ಪೂರ್ತಿ ಸಂಬಳದ ಮೇಲೋ ಎಂಬುದು ಲೆಟರ್‌ನಲ್ಲಿ ಹೇಗಿದೆಯೋ ಹಾಗೆ. ಅದರ ಮೇಲೆ ಜಿಎಸ್‌ಟಿ ಹಾಕಿದರೆ ಒಪ್ಪಬೇಡಿ. ನೋಟಿಸ್ ವಸೂಲಿಗೆ ಜಿಎಸ್‌ಟಿ ಇಲ್ಲವೆಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಎರಡೂ ಕಡೆ ಒಟ್ಟಿಗೆ ಕೆಲಸ ಮಾಡುವ ಚಾಲಾಕಿತನ ಮಾತ್ರ ಬೇಡ, ಪಿಎಫ್ ಪಾಸ್‌ಬುಕ್‌ನಲ್ಲಿ ಎರಡು ಕಂಪನಿಯ ತಾರೀಕುಗಳು ಒಂದರ ಮೇಲೊಂದು ಕೂತುಬಿಡುತ್ತವೆ.

ಹ್ಯಾಂಡೋವರ್

ಡೆಲಿವರಿ ಕಂಪನಿ ಬಿಟ್ಟವರ ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಹೋದ ಒಂದು ತಿಂಗಳ ಮೇಲೆ ಮೇಲ್ ಬರುತ್ತದೆ: ಇಷ್ಟು ಪಾರ್ಸೆಲ್ ಶಾರ್ಟ್, ಸಿಒಡಿ ಕ್ಯಾಶ್ (ಡೆಲಿವರಿ ವೇಳೆ ಗಿರಾಕಿ ಕೊಟ್ಟ ದುಡ್ಡು) ಇಷ್ಟು ಕಡಿಮೆ, ಫೈನಲ್ ಸೆಟಲ್‌ಮೆಂಟ್‌ನಿಂದ ಹಿಡಿಯುತ್ತೇವೆ ಅಂತ. ಆಗ ನಿಮ್ಮ ಕೈಯಲ್ಲಿ ಕಾಗದ ಇರಬೇಕು.

ಕೊನೆಯ ದಿನಕ್ಕೆ ಸ್ವಲ್ಪ ಮೊದಲು ಹಬ್‌ನ ಪೂರ್ತಿ ಸ್ಟಾಕ್ ಸ್ಕ್ಯಾನ್ ಮಾಡಿಸಿ. ಡೆಲಿವರಿಗೆ ಬಾಕಿ, ಕಳಿಸಿದವರಿಗೆ ವಾಪಸ್ ಹೋಗಬೇಕಾದದ್ದು (ಆರ್‌ಟಿಒ), ಒಡೆದದ್ದು, ಲೇಬಲ್ ಹೋದದ್ದು ಎಲ್ಲವೂ ಬೇರೆ ಬೇರೆ. ಸಿಸ್ಟಮ್ ತೋರಿಸುವ ಸಂಖ್ಯೆಗೂ ಕಪಾಟಿನಲ್ಲಿರುವ ಸಂಖ್ಯೆಗೂ ವ್ಯತ್ಯಾಸ ಇದ್ದರೆ ಅದನ್ನು ಈಗಲೇ ಮೇಲ್‌ನಲ್ಲಿ ಹೇಳಿ, ಮುಚ್ಚಬೇಡಿ. ಕ್ಯಾಶ್ ಪೆಟ್ಟಿಗೆ ಎಣಿಸಿ, ಬ್ಯಾಂಕಿಗೆ ಕಟ್ಟಿದ ಸ್ಲಿಪ್ಪಿನ ಜೊತೆ ಹೊಂದಿಸಿ, ತೆಗೆದುಕೊಳ್ಳುವವರ ಸಹಿ ಹಾಕಿಸಿ. ಯಾವ ರೈಡರ್ ಹತ್ತಿರ ಎಷ್ಟು ಬಾಕಿ ಉಂಟು ಅಂತ ಹೆಸರು ಹಾಕಿ ಬರೆಯಿರಿ. "ಅವನು ನಾಳೆ ಕೊಡ್ತಾನೆ" ಎಂಬ ಬಾಯಿಮಾತಿನ ಬಾಕಿ ನಿಮ್ಮ ಹೆಸರಿಗೇ ಬರುವುದು.

ಬೆಂಗಳೂರಿನವರಿಗೆ ಅಷ್ಟಾಗಿ ಇರದ ಇನ್ನೊಂದು ಗೋಜಲು ಸಣ್ಣ ಊರಿನ ಹಬ್‌ಗಳಲ್ಲಿ ಇರುತ್ತದೆ. ಶೆಡ್ಡಿನ ಬಾಡಿಗೆ ಕರಾರು ಮ್ಯಾನೇಜರ್ ಹೆಸರಲ್ಲಿ. ಮೆಸ್ಕಾಂ ಬಿಲ್ಲಿಗೆ ಮ್ಯಾನೇಜರ್ ನಂಬರ್. ಪೆಟ್ರೋಲ್ ಬಂಕಿನ ಸಾಲದ ಪುಸ್ತಕ, ನೀರಿನ ಕ್ಯಾನ್‌ನವರು, ಉದ್ದಿಮೆ ಪರವಾನಗಿಯ ಅರ್ಜಿ, ಗೂಗಲ್ ಮ್ಯಾಪ್‌ನಲ್ಲಿ ಹಬ್‌ನ ಫೋನ್ ನಂಬರ್, ಎಲ್ಲ ನಿಮ್ಮದೇ. ಕುಂದಾಪುರದಲ್ಲಿ ಹಬ್ ತೆರೆದ ಹುರುಪಿನಲ್ಲಿ ಕೊಟ್ಟ ನಂಬರ್‌ಗೆ ಎರಡು ವರ್ಷ ಆದ ಮೇಲೂ "ನನ್ನ ಪಾರ್ಸೆಲ್ ಎಂತ ಆಯ್ತು ಮಾರಾಯ್ರೆ" ಅಂತ ಫೋನ್ ಬರುತ್ತಿರುತ್ತದೆ. ಫೋನ್ ಬಂದರೆ ಹೋಗಲಿ. ಬಾಡಿಗೆ ಬಾಕಿಗೆ ಶೆಡ್ಡಿನ ಯಜಮಾನರು ಬಂದರೆ ಕಷ್ಟ. ಇವನ್ನೆಲ್ಲ ಪಟ್ಟಿ ಮಾಡಿ, ಕಂಪನಿಗೂ ಯಜಮಾನರಿಗೂ ಬರೆದು ತಿಳಿಸಿ.

ಲ್ಯಾಪ್‌ಟಾಪ್, ಸ್ಕ್ಯಾನರ್, ಸಿಮ್, ಬೀಗದ ಕೈ, ಐಡಿ ಕಾರ್ಡ್ ಕೊಟ್ಟದ್ದಕ್ಕೆ ರಸೀದಿ. ನಿಮ್ಮ ಚೆಕ್ಕು, ಸರ್ಟಿಫಿಕೇಟ್ ಅದೇ ದಿನ ವಾಪಸ್.

ಹುಡುಗರು ಮತ್ತು ಗಿರಾಕಿಗಳು

"ಸರ್, ನೀವು ಹೋದರೆ ನಾವೂ ಬರ್ತೇವೆ." ಒಳ್ಳೆಯ ಮ್ಯಾನೇಜರ್‌ಗೆ ಈ ಮಾತು ಕೇಳಿಯೇ ಕೇಳುತ್ತದೆ. ಕೇಳಲು ಖುಷಿ, ಆದರೆ ನೋಟಿಸ್ ಅವಧಿಯಲ್ಲಿ ಅದಕ್ಕೆ ಹೌದು ಅನ್ನಬೇಡಿ, ವಾಟ್ಸಾಪ್‌ನಲ್ಲಂತೂ ಬೇಡವೇ ಬೇಡ. ರೈಡರ್‌ಗಳಲ್ಲಿ ಹೆಚ್ಚಿನವರು ವೆಂಡರ್ ಮೂಲಕವೋ ಪಾರ್ಸೆಲ್ ಲೆಕ್ಕದಲ್ಲೋ ದುಡಿಯುವವರು, ಎಲ್ಲಿ ಬೇಕಾದರೂ ಹೋಗಲು ಅವರಿಗೆ ಸ್ವಾತಂತ್ರ್ಯ ಇದೆ. ಹೊಸ ಕಂಪನಿ ಕೆಲಸಕ್ಕೆ ಜಾಹೀರಾತು ಹಾಕಿದಾಗ ಅವರಾಗಿಯೇ ಬಂದರೆ ಯಾರೂ ಏನೂ ಹೇಳುವಂತಿಲ್ಲ. ನೀವು ಬಿಟ್ಟ ವಾರದಲ್ಲೇ ಸುರತ್ಕಲ್ ರೂಟಿನ ಹುಡುಗರೆಲ್ಲ ಒಟ್ಟಿಗೆ ಬಿಟ್ಟರೆ, ನೀವೇ ಎಬ್ಬಿಸಿಕೊಂಡು ಹೋದದ್ದು ಅಂತ ಕಂಪನಿ ಹೇಳುತ್ತದೆ. ನೋಡಿದವರು ನಂಬುತ್ತಾರೆ ಕೂಡ.

ಗಿರಾಕಿಗಳ ವಿಷಯವೂ ಅಷ್ಟೇ. ಉಪ್ಪಿನಕಾಯಿ, ಹಪ್ಪಳ ಕಳಿಸುವ ಸಣ್ಣ ಸೆಲ್ಲರ್‌ಗಳು ಕಂಪನಿಗಿಂತ ಮನುಷ್ಯನನ್ನು ನಂಬಿ ಪಾರ್ಸೆಲ್ ಕೊಡುವವರು. ಅವರಾಗಿ ಹುಡುಕಿಕೊಂಡು ಬರುವುದು ಬೇರೆ, ಹಳೆಯ ಪಟ್ಟಿ ಹಿಡಿದು ಸಾಲಾಗಿ ಫೋನ್ ಮಾಡುವುದು ಬೇರೆ.

ಇನ್ನೊಂದು ಲೆಕ್ಕವೂ ಇದೆ. 2025ರಲ್ಲಿ ಡೆಲಿವರಿ ಲೈನಿನ ಎರಡು ದೊಡ್ಡ ಹೆಸರುಗಳಲ್ಲಿ ಒಂದಾದ ಡೆಲ್ಹಿವರಿ, ಇನ್ನೊಂದಾದ ಇಕಾಮ್ ಎಕ್ಸ್‌ಪ್ರೆಸ್ಸನ್ನು ಸುಮಾರು 1,400 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ನಿನ್ನೆಯ ಎದುರಾಳಿಗಳು ಇವತ್ತು ಒಂದೇ ಸೂರಿನಡಿ. ನೀವು ಬಿಟ್ಟುಬಂದ ಬಾಸ್ ನಾಳೆ ಮತ್ತೆ ನಿಮ್ಮ ಬಾಸ್ ಆಗುವುದು ಅಸಾಧ್ಯವೇನಲ್ಲ.

ದುಡ್ಡು

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಮ್ಯಾನೇಜರ್ ಹುದ್ದೆಯವರೂ ಇದರೊಳಗೆ ಬರುತ್ತಾರೆ. ಎಚ್‌ಆರ್‌ನವರು "45 ದಿನ ನಮ್ಮ ಪಾಲಿಸಿ" ಅಂದರೆ ಈ ಸಾಲನ್ನು ಮೇಲ್‌ನಲ್ಲಿ ಮೆಲ್ಲ ನೆನಪಿಸಿ.

ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. 30,000 ರೂಪಾಯಿ, ಆರು ವರ್ಷ ಆದರೆ ಸುಮಾರು 1,03,800. ಆರು ತಿಂಗಳಿಗಿಂತ ಹೆಚ್ಚಾದ ಭಾಗ ಪೂರ್ತಿ ವರ್ಷ. 30 ದಿನದೊಳಗೆ ಕೊಡಬೇಕು. ತಾವಾಗಿ ರಾಜೀನಾಮೆ ಕೊಟ್ಟು ಹೋದವರ ಗ್ರಾಚ್ಯುಟಿಯನ್ನು ನೋಟಿಸ್ ಬಾಕಿಗೋ ಶಾರ್ಟೇಜಿಗೋ ಹಿಡಿದುಕೊಳ್ಳುವಂತಿಲ್ಲ.

ವರ್ಷದ ಮಧ್ಯೆ ಬದಲಾಯಿಸುವವರು ಹಳೆಯ ಕಂಪನಿಯ ಸಂಬಳ ಮತ್ತು ಟಿಡಿಎಸ್ ವಿವರವನ್ನು ಹೊಸ ಕಂಪನಿಗೆ ಕೊಡಿ. ಕೊಡದಿದ್ದರೆ ಇಬ್ಬರೂ ಹೊಸ ತೆರಿಗೆ ಪದ್ಧತಿಯ 75,000 ರೂಪಾಯಿ ಸ್ಟಾಂಡರ್ಡ್ ಡಿಡಕ್ಷನ್ ಕಳೆದು ಟಿಡಿಎಸ್ ಹಿಡಿಯುತ್ತಾರೆ, ರಿಟರ್ನ್ ಹಾಕುವಾಗ ಬಾಕಿ ತೆರಿಗೆ ನಿಮ್ಮ ತಲೆಗೆ.

ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೆ ನಿಲ್ಲುತ್ತದೆ. ಎರಡು ಕೆಲಸಗಳ ನಡುವೆ ಹದಿನೈದು ದಿನ ಊರಲ್ಲಿ ಆರಾಮ ಮಾಡುವ ಯೋಚನೆ ಇದ್ದರೆ, ಆ ಹದಿನೈದು ದಿನ ಅಪ್ಪ ಅಮ್ಮನಿಗೂ ಕವರ್ ಇಲ್ಲ. ಮಣಿಪಾಲ್ ಆರೋಗ್ಯ ಕಾರ್ಡ್ ಉಂಟಲ್ಲ ಅನ್ನಬೇಡಿ, ಅದು ರಿಯಾಯಿತಿ ಕಾರ್ಡ್, ವಿಮೆ ಅಲ್ಲ. ಗ್ರೂಪ್ ಪಾಲಿಸಿಯನ್ನು ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಿಸಿಕೊಳ್ಳಲು ಆಗುತ್ತದೆಯೇ ಅಂತ ಬಿಡುವ ಮೊದಲೇ ವಿಚಾರಿಸಿ.

ಲಾಯರ್ ನೋಟಿಸ್ ಬಂದರೆ

ಬರಬಹುದು. ಹೆಚ್ಚಾಗಿ ಅದು ಉಳಿದ ಮ್ಯಾನೇಜರ್‌ಗಳನ್ನು ಹೆದರಿಸಲು ಕಳಿಸುವ ಕಾಗದ. ಹಳೆಯ ಬಾಸ್‌ಗೆ ಫೋನ್ ಮಾಡಿ ಜಗಳ ಆಡಬೇಡಿ, ರೆಕಾರ್ಡ್ ಆಗುತ್ತಿರುತ್ತದೆ. ಕಸದ ಬುಟ್ಟಿಗೂ ಹಾಕಬೇಡಿ. ಹ್ಯಾಂಡೋವರ್ ಸಹಿ, ಮೇಲ್‌ಗಳು, ನೇಮಕಾತಿ ಪತ್ರ ಹಿಡಿದು ಒಬ್ಬ ವಕೀಲರ ಹತ್ತಿರ ಹೋಗಿ, ಹೇಳಿದ ಗಡುವಿನೊಳಗೆ ಲಿಖಿತ ಉತ್ತರ ಕೊಡಿಸಿ. ಹೊಸ ಕಂಪನಿಯ ಎಚ್‌ಆರ್‌ಗೂ ನೀವೇ ತಿಳಿಸಿ, ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುವುದು ಚೆನ್ನಾಗಿರುವುದಿಲ್ಲ.

ಸೇರಿದ ಮೇಲೆ ಪಿಎಫ್

ಹೊಸ ಯುಎಎನ್ (ಪಿಎಫ್ ನಂಬರ್) ಮಾಡಿಸಬೇಡಿ, ಹಳೆಯದನ್ನೇ ಕೊಡಿ. ಹಳೆಯ ಕಂಪನಿ ಬಿಟ್ಟ ತಾರೀಕು ದಾಖಲಾಗಿದೆಯೇ ಪೋರ್ಟಲ್‌ನಲ್ಲಿ ನೋಡಿ. ಅವರು ಹಾಕದಿದ್ದರೆ ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಆಧಾರ್ ಒಟಿಪಿ ಮೂಲಕ ಹಾಕಬಹುದು. ದುಡ್ಡು ತೆಗೆಯುವ ಆಸೆ ಬೇಡ. ಐದು ವರ್ಷದ ಒಳಗೆ ತೆಗೆದರೆ ತೆರಿಗೆ ಬೀಳುತ್ತದೆ, 50,000 ಅಥವಾ ಅದಕ್ಕಿಂತ ಹೆಚ್ಚಾದರೆ ಟಿಡಿಎಸ್ ಕೂಡ ಹಿಡಿಯುತ್ತಾರೆ. ಪಿಂಚಣಿ ಭಾಗ ತೆಗೆದರೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ. ವರ್ಗಾವಣೆ ಮಾಡಿಸಿ, ಪಾಸ್‌ಬುಕ್‌ನಲ್ಲಿ ಹಳೆಯ ಬ್ಯಾಲೆನ್ಸ್ ಹೊಸ ಖಾತೆಗೆ ಸೇರಿದ್ದು ಕಣ್ಣಿಗೆ ಕಾಣುವ ತನಕ ಬಿಡಬೇಡಿ. ತಿಂಗಳುಗಟ್ಟಲೆ ಕಾಣದಿದ್ದರೆ ಪಿಎಫ್‌ನ ದೂರು ಪೋರ್ಟಲ್‌ನಲ್ಲಿ ದೂರು ಹಾಕಿ, ಅದರ ನಂಬರ್ ಹಿಡಿದು ಮಂಗಳೂರಿನ ಪಿಎಫ್ ಕಚೇರಿಗೆ ಒಮ್ಮೆ ಹೋಗಿಬನ್ನಿ.